ಎಂಎಲ್‌ಎ ಆಗುವುದನ್ನು ವೃತ್ತಿ ಅಂತ ಹಿಡಿಯಬಹುದಾ?

ಪ್ರಶ್ನೆ: ನನಗೆ 26 ವರ್ಷ. ಕಾನೂನು ಓದಿ ತಾಲ್ಲೂಕು ಕೋರ್ಟಿನಲ್ಲಿ ವಕೀಲೆಯಾಗಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ರಾಜಕೀಯದಲ್ಲಿಲ್ಲ. ಎಂಎಲ್‌ಎ ಆಗಬೇಕು ಅನ್ನುವ ಆಸೆ ಕಾಲೇಜಿನಿಂದಲೂ ಇದೆ. ಇದನ್ನು ಒಂದು ವೃತ್ತಿ ಅಂತ ಹಿಡಿಯಬಹುದಾ ಸರ್? ದಾರಿ ಎಲ್ಲಿಂದ ಶುರುವಾಗುತ್ತೆ? ದುಡ್ಡಿಲ್ಲದವರಿಗೆ ಆಗುತ್ತಾ? ಗೆದ್ದ ಮೇಲೆ ನಿಜವಾಗಿ ಮಾಡುವ ಕೆಲಸ ಏನು, ಸಂಬಳ ಎಷ್ಟು? ಇದಕ್ಕಾಗಿ ವಕೀಲಿ ಬಿಡಬೇಕಾಗುತ್ತಾ?

ಉತ್ತರ: ಕಾನೂನು ಕೇಳುವ ಅರ್ಹತೆಯೆಲ್ಲ ನಿಮಗೆ ಈಗಲೇ ಇದೆ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ಭಾರತದ ಪ್ರಜೆಯಾಗಿರಬೇಕು. ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಡಿಗ್ರಿ ಕೂಡ ಬೇಕಿಲ್ಲ. ಸಿವಿಲ್ ಜಡ್ಜ್ ಪರೀಕ್ಷೆಗೆ ಇದಕ್ಕಿಂತ ಜಾಸ್ತಿ ಕೇಳುತ್ತಾರೆ, ಅಲ್ವಾ?

ಇನ್ನು ವೃತ್ತಿಯ ಮಾತು. ಹೊಟ್ಟೆಪಾಡಿಗೆ ಇದನ್ನು ನಂಬಬೇಡಿ. ಜೀವಮಾನವಿಡೀ ಮಾಡುವ ಕೆಲಸ ಅಂತ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಪತ್ರಕರ್ತನಾಗಿ ಸದನದ ಗ್ಯಾಲರಿಯಲ್ಲಿ ಕೂತು ಅನೇಕರ ಏಳುಬೀಳು ನೋಡಿದ್ದೇನೆ. ಮೊದಲ ಸಲ ಗೆದ್ದು ಬಂದವರಲ್ಲಿ ಎಷ್ಟೋ ಮಂದಿ ಎರಡನೇ ವಿಧಾನಸಭೆ ನೋಡುವುದಿಲ್ಲ. ಕೆಲಸ ಮಾಡಿಲ್ಲ ಅಂತಲೇ ಸೋಲುತ್ತಾರೆ ಎನ್ನುವ ಹಾಗೂ ಇಲ್ಲ. ಕರ್ನಾಟಕದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ಚುನಾವಣೆಯಲ್ಲಿ ಮತ್ತೆ ಗೆದ್ದು ಬಂದಿಲ್ಲ. ಗಾಳಿ ತಿರುಗಿದಾಗ ಒಳ್ಳೆಯವರೂ ಅದರ ಜೊತೆ ಹೋಗುತ್ತಾರೆ. ಐದು ವರ್ಷ ಪೂರ್ತಿ ಸಿಗುತ್ತದೆ ಅನ್ನುವುದಕ್ಕೂ ಖಾತ್ರಿ ಇಲ್ಲ. 2004ರಲ್ಲಿ ಆರಿಸಿ ಬಂದ ಸಭೆ 2007ರಲ್ಲೇ ವಿಸರ್ಜನೆಯಾಯಿತು.

ದೊಡ್ಡವರ ಕಥೆಯೂ ಬೇರೆ ಅಲ್ಲ. ಸಿದ್ದರಾಮಯ್ಯ 1989ರಲ್ಲಿ ಸೋತರು, 1999ರಲ್ಲಿ ಸೋತರು. 2018ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಚಾಮುಂಡೇಶ್ವರಿಯಲ್ಲಿ ಸೋತರು, ಬಾದಾಮಿ ಕೈ ಹಿಡಿಯಿತು. ಯಡಿಯೂರಪ್ಪ 1999ರಲ್ಲಿ ತಮ್ಮದೇ ಶಿಕಾರಿಪುರದಲ್ಲಿ ಸೋತರು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಒಂದು ಓಟಿನಲ್ಲಿ ತೀರ್ಮಾನವಾಯಿತು. 2023ರಲ್ಲಿ ಜಯನಗರದ ಅಂತರ 16 ಓಟು. ಮಲ್ಲಿಕಾರ್ಜುನ ಖರ್ಗೆಯವರ ಹಾಗೆ 1972ರಿಂದ 2008ರವರೆಗೆ ಒಂಬತ್ತು ವಿಧಾನಸಭಾ ಚುನಾವಣೆಗಳನ್ನು ಒಂದೂ ಸೋಲದೆ ಗೆದ್ದವರು ಇದ್ದಾರೆ. ಆದರೆ ಅವರನ್ನು ನೋಡಿ ಯಾರೂ ಲೆಕ್ಕ ಹಾಕಬಾರದು.

ದಾರಿ ಎಲ್ಲಿಂದ ಅಂತ ಕೇಳಿದ್ದೀರಿ. ಹಳೆಯ ತಲೆಮಾರಿನ ಬಹುತೇಕರು ಕೆಳಗಿನಿಂದ ಹತ್ತಿದವರು. ದೇವೇಗೌಡರು ಮೊದಲು ತಾಲ್ಲೂಕು ಬೋರ್ಡಿನಲ್ಲಿದ್ದರು. 1962ರಲ್ಲಿ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ, ಪಕ್ಷೇತರರಾಗಿ ನಿಂತು ಹೊಳೆನರಸೀಪುರ ಗೆದ್ದರು. ಯಡಿಯೂರಪ್ಪ ಶಿಕಾರಿಪುರ ಪುರಸಭೆಯಿಂದ ಬಂದವರು. ಸಿದ್ದರಾಮಯ್ಯ ನಿಮ್ಮ ಹಾಗೇ ವಕೀಲರು. ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದದ್ದು 1978ರಲ್ಲಿ, ವಿಧಾನಸಭೆಗೆ ಬಂದದ್ದು 1983ರಲ್ಲಿ. ಆಮೇಲೆ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಕಟ್ಟಿದ ಜಿಲ್ಲಾ ಪರಿಷತ್ತು, ಅದರ ನಂತರದ ಜಿಲ್ಲಾ ಪಂಚಾಯಿತಿ, ಇವೆಲ್ಲ ಹೊಸಬರಿಗೆ ಪಾಠಶಾಲೆಯಾದವು. ಬಜೆಟ್ಟು ಅಂದರೇನು, ಎಂಜಿನಿಯರ್ ಹತ್ತಿರ ಎಸ್ಟಿಮೇಟು ಹೇಗೆ ಕೇಳಬೇಕು, ಸಭೆಯಲ್ಲಿ ಅಧಿಕಾರಿಯನ್ನು ಬೈಯದೆ ಉತ್ತರ ತೆಗೆಸುವುದು ಹೇಗೆ, ಎಲ್ಲವನ್ನೂ ಅಲ್ಲಿ ಕಲಿಯುತ್ತಿದ್ದರು.

ಈಗಿನ ತೊಂದರೆ ಅಲ್ಲೇ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಅದಾದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಎಲ್ಲ ಪಕ್ಷದ ಸರ್ಕಾರಗಳೂ ಇದನ್ನು ಆರಾಮಾಗಿ ಸಹಿಸಿಕೊಂಡವು. ನನ್ನ ಅನುಮಾನ ಹೇಳಿಬಿಡುತ್ತೇನೆ: ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಹುಟ್ಟುವುದು ಹಾಲಿ ಶಾಸಕರಿಗೆ ಬೇಕಾಗಿರುವುದಿಲ್ಲ. ಇದರ ನಷ್ಟ ಬಿದ್ದದ್ದು ನಿಮ್ಮಂಥವರ ಮೇಲೆ. ಅಪ್ಪನೋ ಮಾವನೋ ರಾಜಕೀಯದಲ್ಲಿ ಇರುವವರಿಗೆ ಮೆಟ್ಟಿಲು ಬೇಕಿಲ್ಲ. ಇಲ್ಲದವರಿಗೆ ಇದ್ದ ಮೆಟ್ಟಿಲೇ ಅದು.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಗ್ರಾಮ ಪಂಚಾಯಿತಿ ಇದೆ, ಪುರಸಭೆ ಇದೆ, ಸಹಕಾರ ಸಂಘಗಳಿವೆ. ಸಹಕಾರ ಕ್ಷೇತ್ರವನ್ನು ಪೇಟೆಯಲ್ಲಿ ಓದಿದವರು ಹಗುರ ಮಾಡುತ್ತಾರೆ. ಹಳೇ ಮೈಸೂರು ಭಾಗದಲ್ಲಿ ಹಾಲಿನ ಒಕ್ಕೂಟ, ಬೆಳಗಾವಿ ಕಡೆ ಡಿಸಿಸಿ ಬ್ಯಾಂಕು (ಜಿಲ್ಲಾ ಸಹಕಾರ ಬ್ಯಾಂಕು) ಮತ್ತು ಸಕ್ಕರೆ ಕಾರ್ಖಾನೆ, ಇವು ಎಷ್ಟು ಶಾಸಕರನ್ನು ತಯಾರು ಮಾಡಿವೆ ಅಂತ ಒಮ್ಮೆ ನೋಡಿ. ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಸಹಿ ಹಾಕಿದವರ ಹೆಸರು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ನಿಮ್ಮ ಕೈಯಲ್ಲಿ ಇನ್ನೊಂದು ದಾರಿಯೂ ಇದೆ. ಬಗರ್ ಹುಕುಂ ಅರ್ಜಿ (ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವುದು), ಪೋಡಿ ಅಂದರೆ ಜಮೀನನ್ನು ಅಳೆದು ಬೇರೆ ಮಾಡುವುದು, ಖಾತೆ ಬದಲಾವಣೆ, ವಿಧವಾ ವೇತನ ನಿಂತುಹೋದದ್ದು, ಹೀಗೆ ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡವರ ಫೈಲು ಓದಿ ದಾರಿ ತೋರಿಸುವ ವಕೀಲರು ಹತ್ತು ವರ್ಷದಲ್ಲಿ ಇಡೀ ತಾಲ್ಲೂಕಿಗೆ ಪರಿಚಯವಾಗುತ್ತಾರೆ. ಬೂತ್ ಮಟ್ಟದಲ್ಲಿ ನಾಲ್ಕು ಜನ ನಂಬುವವರು ಸಿಗುವುದು ಇಂಥ ಕೆಲಸದಿಂದಲೇ.

ಪಕ್ಷದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟಿಕೆಟ್ ಹಂಚುವುದು ಹೈಕಮಾಂಡು. ಅವರು ನೋಡುವುದು ಗೆಲ್ಲುವ ಸಾಧ್ಯತೆ, ಜಾತಿ ಲೆಕ್ಕ, ಖರ್ಚು ಹೊರುವ ಶಕ್ತಿ, ಯಾರ ಗುಂಪು ಅನ್ನುವುದು. ದುಡಿದವರಿಗೇ ಟಿಕೆಟ್ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅನ್ನುವ ಪಕ್ಷದ ಪತ್ರ, ಕೈಗೆ ಬಂದು ನಾಮಪತ್ರದ ಜೊತೆ ಸೇರುವವರೆಗೆ ಏನೂ ಪಕ್ಕಾ ಅಲ್ಲ.

ದುಡ್ಡು. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 2022ರಿಂದ 40 ಲಕ್ಷ ರೂಪಾಯಿ. ಇದಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಲೆಕ್ಕಪುಸ್ತಕದ ಹೊರಗೆ ಹರಿಯುವ ದುಡ್ಡು ಇದರ ಎಷ್ಟೋ ಪಟ್ಟು ಅನ್ನುವುದು ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಗೊತ್ತು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಜನರ ಹತ್ತಿರ ಒಂದು ಓಟು, ಒಂದು ನೋಟು ಕೇಳಿ ಸಾಗರ–ಹೊಸನಗರದಲ್ಲಿ ಗೆದ್ದರು. ಕಾಗೋಡು ಗೇಣಿದಾರರ ಹೋರಾಟದ ಬಿಸಿ ಇನ್ನೂ ಆರಿರಲಿಲ್ಲ. ಭಾಷಣಗಳಲ್ಲಿ ಈ ಕಥೆಯನ್ನು ಈಗಲೂ ಹೇಳುತ್ತಾರೆ. ಅದೇ ಗೋಪಾಲಗೌಡರು 1957ರಲ್ಲಿ ಸೋತರು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ದುಡ್ಡಿಲ್ಲದವರು ಗೆಲ್ಲುವುದು ಅಪರೂಪ. ಗೆಲ್ಲುವಾಗ ಅವರ ಹಿಂದೆ ಒಂದು ಚಳವಳಿ ಇರುತ್ತದೆ: ರೈತ ಸಂಘವೋ, ದಲಿತ ಸಂಘಟನೆಯೋ, ಕಾರ್ಮಿಕರ ಯೂನಿಯನ್ನೋ. ಸಾಲ ಮಾಡಿ ಮಾತ್ರ ನಿಲ್ಲಬೇಡಿ. ಸಾಲ ತೀರಿಸಬೇಕಾದ ಶಾಸಕರ ಮುಂದೆ ಯಾರು ಬಂದು ಕೂರುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಕೆಲಸದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇದೇ. ಶಾಸಕರಿಗೆ ಎರಡು ಕೆಲಸ. ಒಂದು ಕ್ಷೇತ್ರದ್ದು, ಇನ್ನೊಂದು ಸದನದ್ದು. ಸಂವಿಧಾನ ಹೇಳುವುದು ಎರಡನೆಯದನ್ನು. ಓಟು ಬರುವುದು ಮೊದಲನೆಯದರಿಂದ.

ಕ್ಷೇತ್ರದ ಕೆಲಸ ಬೆಳಗ್ಗೆ ಏಳಕ್ಕೆ ಮನೆಯ ಜಗಲಿಯಲ್ಲೇ ಶುರು. ಆಸ್ಪತ್ರೆ ಬಿಲ್ಲಿಗೆ ಮುಖ್ಯಮಂತ್ರಿ ಪರಿಹಾರ ನಿಧಿಯ ಪತ್ರ. ಹಾಸ್ಟೆಲ್ ಸೀಟು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಫೋನ್ ಮಾಡಿ. ಮಗನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದಾರೆ, ಹೇಳಿ. ಮಗಳು ಟೀಚರು, ಗಂಡ ಇರುವ ಊರಿಗೆ ವರ್ಗ ಮಾಡಿಸಿ. ಪಿಎ ಪಕ್ಕದಲ್ಲಿ ಲೆಟರ್‌ಹೆಡ್ ಕಟ್ಟು ಹಿಡಿದು ನಿಂತಿರುತ್ತಾರೆ. ಮಧ್ಯಾಹ್ನ ಗುದ್ದಲಿ ಪೂಜೆ, ಸಂಜೆ ಸಾವಿನ ಮನೆ, ರಾತ್ರಿ ಮದುವೆ. ಸಾವಿಗೆ ಹೋಗದಿದ್ದರೆ ಐದು ವರ್ಷ ಆದ ಮೇಲೂ ಮಾತು ಬರುತ್ತದೆ. ಬೆಂಗಳೂರಿಗೆ ಹೋದರೂ ಬಿಡುವಿಲ್ಲ. ಶಾಸಕರ ಭವನದ ಕೋಣೆಯಲ್ಲಿ ಊರಿನಿಂದ ರಾತ್ರಿ ಬಸ್ಸಿಗೆ ಬಂದವರು ಕಾಯುತ್ತಿರುತ್ತಾರೆ.

ಇದರ ಜೊತೆ ಸಭೆಗಳಿವೆ. ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆ ನಡೆಸಬೇಕು. ಬಗರ್ ಹುಕುಂ ಸಮಿತಿಯಲ್ಲಿ ಕೂತು ನಮೂನೆ 50, 53, 57ರ ಅರ್ಜಿಗಳನ್ನು ನೋಡಬೇಕು. ಮನೆ, ನಿವೇಶನ ಹಂಚುವ ಆಶ್ರಯ ಸಮಿತಿ, ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿ (ಸಿಡಿಸಿ). ಹೊರಗಿನವರಿಗೆ ಇವು ಸಣ್ಣ ಸಭೆಗಳ ಹಾಗೆ ಕಾಣುತ್ತವೆ. ನನ್ನ ಪ್ರಕಾರ ಒಬ್ಬ ಶಾಸಕರು ಬಡವರಿಗೆ ನೇರವಾಗಿ ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡುವ ಜಾಗ ಇದೇ. ಮೂರು ಎಕರೆ ಉಳುತ್ತಿರುವವರ ಅರ್ಜಿ ಮೂವತ್ತು ವರ್ಷ ಬಾಕಿ ಇರುವುದು, ಪಕ್ಕದವರದ್ದು ಮೂರು ತಿಂಗಳಲ್ಲಿ ಮಂಜೂರಾಗುವುದು, ಎರಡೂ ಇದೇ ಮೇಜಿನ ಮೇಲೆ. ಕಡತ ಓದಲು ಬರುವ ಶಾಸಕರು ಇಲ್ಲಿ ತಹಶೀಲ್ದಾರರನ್ನು ನಂಬಿ ಕೂರಬೇಕಾಗಿಲ್ಲ. ವಕೀಲರಾದ ನಿಮಗೆ ಇದೊಂದು ಅನುಕೂಲ.

ಶಾಸಕರ ಹೆಸರಿನ ಅನುದಾನದ ಬಗ್ಗೆ ತುಂಬಾ ದೊಡ್ಡ ಕಲ್ಪನೆ ಇದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕಾಮಗಾರಿ ಸೂಚಿಸುವುದು ಶಾಸಕರು, ಮಂಜೂರು ಮಾಡಿ ಮಾಡಿಸುವುದು ಜಿಲ್ಲಾಧಿಕಾರಿ. ಒಂದು ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರು. ತಲೆಗೆ ವರ್ಷಕ್ಕೆ ನೂರು ರೂಪಾಯಿಯೂ ಬರಲ್ಲ. ಸಮುದಾಯ ಭವನ, ಬಸ್ ತಂಗುದಾಣ, ಸಿಸಿ ರಸ್ತೆ ಅಂತ ಅದು ಮುಗಿದುಹೋಗುತ್ತದೆ. ದೊಡ್ಡ ಕೆಲಸಕ್ಕೆ ಸಚಿವರ ಬಾಗಿಲಿಗೇ ಹೋಗಬೇಕು. ಅಲ್ಲಿ ವಿರೋಧ ಪಕ್ಷದವರ ಫೈಲು ನಿಧಾನ. ಯಾವ ಸರ್ಕಾರ ಬಂದರೂ ಅನುದಾನ ತಾರತಮ್ಯದ ದೂರು ಒಂದೇ, ಹೇಳುವ ಪಕ್ಷ ಮಾತ್ರ ಬದಲಾಗುತ್ತದೆ.

ಸಚಿವರಾಗಬಹುದಲ್ಲ ಅಂತೀರಾ? ಲೆಕ್ಕ ಹಾಕಿ. 2003ರ 91ನೇ ತಿದ್ದುಪಡಿಯ ಪ್ರಕಾರ ಸಚಿವರ ಸಂಖ್ಯೆ ಸಭೆಯ ಬಲದ ಶೇಕಡಾ 15 ಮೀರುವಂತಿಲ್ಲ. 224 ಸದಸ್ಯರ ನಮ್ಮ ಸಭೆಗೆ ಮುಖ್ಯಮಂತ್ರಿ ಸೇರಿ 34. ಬಹುಮತಕ್ಕೆ ಬೇಕಾದವರೇ 113. ಅಂದರೆ ಆಡಳಿತ ಪಕ್ಷದಲ್ಲೂ ಮೂರರಲ್ಲಿ ಎರಡು ಪಾಲು ಜನ ಹಿಂದಿನ ಬೆಂಚಿನವರೇ. ಕೆಲವರಿಗೆ ನಿಗಮ, ಮಂಡಳಿ ಸಿಗುತ್ತದೆ. ಉಳಿದವರು ಪ್ರತಿ ಸಂಪುಟ ವಿಸ್ತರಣೆಗೂ ದೆಹಲಿ ಕಡೆ ನೋಡುತ್ತಾ ಕೂರುತ್ತಾರೆ. ಇಡೀ ಐದು ವರ್ಷ ಇದರಲ್ಲೇ ಕಳೆದವರನ್ನು ನಾನು ಬಲ್ಲೆ. ಅವರು ಕೆಟ್ಟವರಲ್ಲ. ಶಾಸಕರಾಗಿ ಮಾಡಲು ಬೇರೆ ಕೆಲಸ ಇದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬೇರೆ ಕೆಲಸ ಸದನದ್ದು. ಬೆಳಗಿನ ಪ್ರಶ್ನೋತ್ತರ, ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ, ಬೇಡಿಕೆಗಳ ಮೇಲಿನ ಚರ್ಚೆ, ವಿಧೇಯಕಗಳು. ಟಿವಿಯಲ್ಲಿ ನೀವು ನೋಡುವುದು ಬಾವಿಗಿಳಿದು ಕೂಗುವುದನ್ನು. ಕಾಣದೇ ಇರುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅದಕ್ಕೆ ಬರುವುದು ಲಿಖಿತ ಉತ್ತರ, ಎದ್ದು ನಿಂತು ಮಾತಾಡುವ ಅವಕಾಶ ಇಲ್ಲ. ಆದ್ದರಿಂದ ಅನೇಕರು ಅದನ್ನು ಕಡೆಗಣಿಸುತ್ತಾರೆ. ಆದರೆ ಹುಷಾರಾದ ಸದಸ್ಯರ ನಿಜವಾದ ಆಯುಧ ಅದು. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಶಾಲಾ ಕೊಠಡಿ ಶಿಥಿಲವಾಗಿವೆ, ಯಾವ ಕೆರೆ ಯಾರ ಹೆಸರಿಗೆ ಖಾತೆಯಾಗಿದೆ, ಯಾವ ಗುತ್ತಿಗೆದಾರರಿಗೆ ಯಾವ ದರದಲ್ಲಿ ಬಿಲ್ಲು ಪಾಸಾಗಿದೆ, ಇದನ್ನೆಲ್ಲ ಇಲಾಖೆ ಸದನಕ್ಕೆ ಬರೆದು ಕೊಡಬೇಕಾಗುತ್ತದೆ. ಸುಳ್ಳು ಬರೆದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಭಂಗ ತಂದ ಆರೋಪದ ಭಯ. ಮಾಹಿತಿ ಹಕ್ಕಿನ ಅರ್ಜಿಗಿಂತ ಇದರ ತೂಕ ಜಾಸ್ತಿ. ಸಚಿವರು ಸದನದಲ್ಲಿ ಕೊಟ್ಟ ಭರವಸೆ ಈಡೇರಿತಾ ಅಂತ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ.

ಸಮಿತಿಗಳ ಮಾತು ಬಂತು. ಕ್ಯಾಮೆರಾ ಇಲ್ಲದ ಜಾಗವಾದ್ದರಿಂದ ಅಲ್ಲಿ ಪಕ್ಷದ ಜಗಳ ಕಡಿಮೆ, ಕೆಲಸ ಜಾಸ್ತಿ. ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ಪದ್ಧತಿ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹಿಡಿದು ಇಲಾಖೆಯ ಕಾರ್ಯದರ್ಶಿಗಳನ್ನು ಕೂರಿಸಿ ಕೇಳಬಹುದು. ನಾನು ಯಾವಾಗಲೂ ಕೊಡುವ ಉದಾಹರಣೆ ಅರಕಲಗೂಡಿನ ಎ.ಟಿ. ರಾಮಸ್ವಾಮಿಯವರದ್ದು. ಅವರು ಮಂತ್ರಿಯಾಗಿರಲಿಲ್ಲ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿ ಕುರಿತು 2005ರಲ್ಲಿ ಆದ ಜಂಟಿ ಸದನ ಸಮಿತಿಗೆ ಅಧ್ಯಕ್ಷರಾದರು. 2007ರಲ್ಲಿ ಬಂದ ಅದರ ವರದಿಗಳು ಕೆರೆ, ಗೋಮಾಳ, ರಾಜಕಾಲುವೆ ನುಂಗಿದ್ದನ್ನು ಸರ್ವೆ ನಂಬರಿನ ಸಮೇತ ಎದುರಿಗಿಟ್ಟವು. ಭೂಕಬಳಿಕೆ ನಿಷೇಧ ಕಾಯ್ದೆ, ಅದಕ್ಕಾಗಿಯೇ ವಿಶೇಷ ನ್ಯಾಯಾಲಯ, ಇವೆಲ್ಲದರ ಹಿಂದೆ ಆ ವರದಿಗಳಿವೆ. ಇಷ್ಟು ಮಾಡಿದವರನ್ನು ಕ್ಷೇತ್ರ ಹೊತ್ತು ಮೆರೆಸಿತಾ? ಇಲ್ಲ. 2008ರಲ್ಲೂ 2013ರಲ್ಲೂ ಅರಕಲಗೂಡು ಬೇರೆಯವರನ್ನು ಆರಿಸಿತು. ರಾಮಸ್ವಾಮಿ ಮತ್ತೆ ಸದನಕ್ಕೆ ಬಂದದ್ದು 2018ರಲ್ಲಿ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಯಾವ ಕೆಲಸಕ್ಕೆ ಯಾವ ಫಲ ಅಂತ ಮೊದಲೇ ಗೊತ್ತಿರಲಿ ಅಂತ. ಸದನದ ಕೆಲಸ ನಿಮ್ಮನ್ನು ಗೆಲ್ಲಿಸುವುದಿಲ್ಲ. ಆದರೆ ನೀವು ಸೋತ ಮೇಲೆ ಉಳಿಯುವುದು ಅದೇ. ಜಗಲಿಯ ಕೆಲಸ ಗೆಲ್ಲಿಸುತ್ತದೆ, ಮುಂದಿನ ಶಾಸಕರು ಬಂದ ವಾರದಲ್ಲಿ ಜನ ಆ ಕಡೆ ಹೋಗುತ್ತಾರೆ. ಎರಡನ್ನೂ ಮಾಡುವವರು ವಾರವನ್ನು ಕಟ್ಟುನಿಟ್ಟಾಗಿ ಹಂಚಿಕೊಂಡಿರುತ್ತಾರೆ. ಕ್ಷೇತ್ರದಲ್ಲಿ ನಂಬಿಕೆಯವರಿಗೆ ಜವಾಬ್ದಾರಿ ಬಿಟ್ಟು, ಅಧಿವೇಶನ ಇರುವಾಗ ಊರಿಗೆ ಓಡುವುದಿಲ್ಲ.

ಅಧಿವೇಶನವೂ ಎಷ್ಟು ದಿನ ಇರುತ್ತೆ ಅಂತೀರಿ! ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ 2005ರಲ್ಲಿ ನಮ್ಮ ಶಾಸಕರೇ ಒಂದು ಕಾಯ್ದೆ ಮಾಡಿಕೊಂಡರು. ಅದನ್ನು ಪಾಲಿಸಿದ್ದಕ್ಕಿಂತ ಮುರಿದದ್ದೇ ಹೆಚ್ಚು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು, ಅಲ್ಲಿ ಚಳಿಗಾಲದ ಅಧಿವೇಶನ ಹತ್ತು ದಿನ ನಡೆದರೆ ದೊಡ್ಡದು. ವಿಧೇಯಕಗಳು ಮಂಡನೆಯಾದ ಎರಡು ಮೂರು ದಿನಕ್ಕೇ ಗದ್ದಲದಲ್ಲಿ ಅಂಗೀಕಾರವಾಗುತ್ತವೆ. ಖಂಡವಾರು ಓದಿ ತಿದ್ದುಪಡಿ ಸೂಚಿಸುವ ಹಕ್ಕು ಪ್ರತಿ ಸದಸ್ಯರಿಗೂ ಇದೆ. ಅದನ್ನು ಬಳಸುವವರು ಬೆರಳೆಣಿಕೆ. ಕಾನೂನು ಗೊತ್ತಿರುವ ಒಬ್ಬರು ಒಂದು ವಿಧೇಯಕದ ಒಂದು ಷರತ್ತಿನ ಮೇಲೆ ತಯಾರಿ ಮಾಡಿಕೊಂಡು ಎದ್ದು ನಿಂತರೆ ಕಾನೂನು ಸಚಿವರೂ ಪೆನ್ನು ತೆಗೆಯುತ್ತಾರೆ. ನಾನು ನೋಡಿದ್ದೇನೆ.

ಸಂಬಳಕ್ಕೆ ಬರೋಣ. 2025ರ ಮಾರ್ಚ್‌ನಲ್ಲಿ ಆದ ತಿದ್ದುಪಡಿಯಿಂದ ಶಾಸಕರ ಮೂಲ ವೇತನ ತಿಂಗಳಿಗೆ 40,000ದಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಯದು ಒಂದೂವರೆ ಲಕ್ಷ, ಸಚಿವರದು 1.25 ಲಕ್ಷ. ಮಾಜಿಗಳ ಪಿಂಚಣಿ 50,000ದಿಂದ 75,000. ಕ್ಷೇತ್ರ ಭತ್ಯೆ, ಪ್ರಯಾಣ, ದೂರವಾಣಿ ಬೇರೆ. ಈ ಮಸೂದೆ ಪಾಸಾದದ್ದು ಚರ್ಚೆಯಿಲ್ಲದೆ, ಭಾರೀ ಗದ್ದಲದ ನಡುವೆ. ಅದೇ ದಿನ ವಿರೋಧ ಪಕ್ಷದ 18 ಸದಸ್ಯರನ್ನು ಆರು ತಿಂಗಳಿಗೆ ಅಮಾನತು ಮಾಡಿದರು, ಆಮೇಲೆ ಅದನ್ನು ವಾಪಸ್ ಪಡೆದರು. ಏರಿಕೆ ತಪ್ಪು ಅಂತ ನಾನು ಹೇಳಲ್ಲ. ಮನೆಗೆ ಬಂದವರ ಕಾಫಿ, ಊಟ, ಡೀಸೆಲ್, ಮದುವೆಯ ಮುಯ್ಯಿಗೆ ಈ ದುಡ್ಡು ಸಾಲದು. ಪ್ರಾಮಾಣಿಕರಾಗಿ ಇರಬೇಕಾದರೆ ಸಂಬಳ ಸರಿಯಾಗಿ ಇರಬೇಕು. ಆದರೆ ತಮ್ಮ ಸಂಬಳದ ಮೇಲೆ ಜನರೆದುರು ಒಂದು ಗಂಟೆ ಮಾತಾಡಲು ಯಾರಿಗೂ ಧೈರ್ಯ ಇರಲಿಲ್ಲವಲ್ಲ, ಅದು ಬೇಜಾರು.

ಸ್ಥಾನ ಕಳೆದುಕೊಳ್ಳುವ ದಾರಿಗಳು ವಕೀಲರಾದ ನಿಮಗೆ ಗೊತ್ತೇ ಇರುತ್ತವೆ, ಆದರೂ ಎರಡು ಮಾತು. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ 2013ರ ಲಿಲಿ ಥಾಮಸ್ ತೀರ್ಪಿನ ನಂತರ ತಕ್ಷಣ ಸ್ಥಾನ ಹೋಗುತ್ತದೆ. ಬಿಡುಗಡೆಯಾದ ಮೇಲೂ ಆರು ವರ್ಷ ನಿಲ್ಲುವಂತಿಲ್ಲ. ಅನುಮತಿ ಇಲ್ಲದೆ ಸದನಕ್ಕೆ 60 ದಿನ ಗೈರಾದರೆ ಸ್ಥಾನ ಖಾಲಿ ಅಂತ ಘೋಷಿಸಬಹುದು. ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಪಕ್ಷಾಂತರ ನಿಷೇಧ ಇರುವುದು ಹತ್ತನೇ ಅನುಸೂಚಿಯಲ್ಲಿ, ಬಂದದ್ದು 1985ರಲ್ಲಿ. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸ್ಥಾನ ಹೋಯಿತು. ನನ್ನ ಮಟ್ಟಿಗೆ ಈ ಕಾನೂನು ಮಾರಾಟವಾಗುವವರನ್ನು ತಡೆಯಲಿಲ್ಲ, ಯೋಚಿಸುವವರ ಬಾಯಿ ಮಾತ್ರ ಕಟ್ಟಿತು. 2019ರಲ್ಲಿ ನಮ್ಮಲ್ಲೇ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ನಿಲ್ಲಲು ಬಿಟ್ಟಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರಲ್ಲಿ 13 ಮಂದಿ ಹೊಸ ಪಕ್ಷದಿಂದ ನಿಂತರು, 11 ಮಂದಿ ಗೆದ್ದರು. 2020ರ ಫೆಬ್ರವರಿಯಲ್ಲಿ 10 ಮಂದಿ ಮಂತ್ರಿಗಳಾದರು. ಅದೇ ಹೊತ್ತಿಗೆ, ತಮ್ಮ ಪಕ್ಷದ ಒಂದು ಕೆಟ್ಟ ವಿಧೇಯಕದ ವಿರುದ್ಧ ಮತ ಹಾಕುವ ಧೈರ್ಯ ಮಾಡಿದ ಒಬ್ಬರನ್ನೂ ನಾನು ನೋಡಿಲ್ಲ.

ನೀವು ಹೆಣ್ಣುಮಗಳು ಅನ್ನುವುದರ ಬಗ್ಗೆ. 2023ರಲ್ಲಿ 224ರಲ್ಲಿ ಗೆದ್ದ ಮಹಿಳೆಯರು ಹತ್ತೇ ಹತ್ತು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1957ರಲ್ಲೇ ಪಕ್ಷೇತರರಾಗಿ ಗೆದ್ದು, 1972ರಲ್ಲಿ ಸ್ಪೀಕರ್ ಕುರ್ಚಿಯಲ್ಲಿ ಕೂತ ರಾಜ್ಯ ಇದು. ಅಲ್ಲಿಂದ ಇಲ್ಲಿಯವರೆಗೆ ನಡೆದದ್ದು ಬಹಳ ಕಡಿಮೆ. 2023ರ 106ನೇ ತಿದ್ದುಪಡಿ ವಿಧಾನಸಭೆಯಲ್ಲಿ ಮೂರನೇ ಒಂದು ಪಾಲು ಸ್ಥಾನ ಮಹಿಳೆಯರಿಗೆ ಅಂತ ಹೇಳುತ್ತದೆ. ಅದು ಜಾರಿಗೆ ಬರುವುದು ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ. ನಿಮ್ಮ ವಯಸ್ಸಿಗೆ ಇದು ಸರಿಯಾದ ಸಮಯಕ್ಕೆ ಬರಬಹುದು. ಪಕ್ಷಗಳು ಆಗ ಗಂಡಂದಿರ, ಅಪ್ಪಂದಿರ ಪರವಾಗಿ ಮನೆಯವರನ್ನು ನಿಲ್ಲಿಸುವುದೂ ಖಂಡಿತ. ಅದಕ್ಕೆ ಮೊದಲೇ ತಾಲ್ಲೂಕಿನಲ್ಲಿ ನಿಮ್ಮ ಹೆಸರು ನಿಮ್ಮದಾಗಿಯೇ ಗೊತ್ತಿರಬೇಕು.

ಮರುವಿಂಗಡಣೆಯ ಇನ್ನೊಂದು ಮುಖವನ್ನೂ ನೋಡಿ. ಈಗಿನ ಗಡಿಗಳು 2008ರ ಚುನಾವಣೆಯಿಂದ ಬಂದವು. ಆಗ ಗುರುಮಠಕಲ್ ಮೀಸಲು ಕ್ಷೇತ್ರವಾಗಿ ಉಳಿಯಲಿಲ್ಲ. ಎಂಟು ಸಲ ಅಲ್ಲಿಂದಲೇ ಗೆದ್ದಿದ್ದ ಖರ್ಗೆಯವರೇ ಚಿತ್ತಾಪುರಕ್ಕೆ ಹೋಗಬೇಕಾಯಿತು. ಹಾಗಾಗಿ ಒಂದೇ ಹೋಬಳಿಯಲ್ಲಿ ಬೇರು ಬಿಡಬೇಡಿ. ಪಕ್ಕದ ತಾಲ್ಲೂಕಿನ ನಾಲ್ಕು ಊರಿನಲ್ಲೂ ಕೇಸು ಹಿಡಿಯಿರಿ, ಓಡಾಡಿ.

ವಿಧಾನ ಪರಿಷತ್ತನ್ನು ನೀವು ಕೇಳಿಲ್ಲ, ಆದರೆ ನಿಮ್ಮಂಥವರಿಗೆ ಅದೂ ಒಂದು ಬಾಗಿಲು. 30 ವರ್ಷ ಆಗಿರಬೇಕು, ಅವಧಿ ಆರು ವರ್ಷ. 75 ಸ್ಥಾನಗಳಲ್ಲಿ ಏಳು ಪದವೀಧರರದ್ದು, ಏಳು ಶಿಕ್ಷಕರದ್ದು. ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ಮಾಡುತ್ತಾರೆ. ಆ ಪಟ್ಟಿಗೆ ಸೇರುವ ಅರ್ಜಿಯಾದ ನಮೂನೆ 18 ತುಂಬಿಸಿದವರದ್ದೇ ಅರ್ಧ ಚುನಾವಣೆ. ಬಸವರಾಜ ಹೊರಟ್ಟಿಯವರು 1980ರಿಂದ ಶಿಕ್ಷಕರ ಕ್ಷೇತ್ರದಿಂದ ಎಂಟು ಸಲ ಬಂದಿದ್ದಾರೆ. ಒಂದು ಗುಂಪಿನ ಸಮಸ್ಯೆಯನ್ನು ಬಿಡದೆ ಹಿಡಿದವರಿಗೆ ಅಲ್ಲಿ ಬಾಳಿಕೆ ಜಾಸ್ತಿ.

ಕೊನೆಯ ಪ್ರಶ್ನೆ, ವಕೀಲಿ ಬಿಡಬೇಕಾ ಅಂತ. ಖಂಡಿತ ಬೇಡ. ಗೆದ್ದ ಮೇಲೂ ಬಿಡಬೇಕಾಗಿಲ್ಲ. ಸಂಸದರು, ಶಾಸಕರು ವಕೀಲಿ ಮಾಡುವುದಕ್ಕೆ ತಡೆ ಇಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಸರ್ಕಾರದಿಂದ ಫೀಸು ಬರುವ ಹುದ್ದೆ ಮಾತ್ರ ಒಪ್ಪಿಕೊಳ್ಳಬೇಡಿ, ನಾಮಪತ್ರದ ಹೊತ್ತಿಗೆ ಲಾಭದ ಹುದ್ದೆ ಅಂತ ಎದುರಾಳಿಗಳು ತಕರಾರು ತೆಗೆಯುತ್ತಾರೆ. ನಿಮ್ಮ ಮೇಲೆ ಹೋರಾಟದ ಕೇಸುಗಳಿದ್ದರೆ ಅವುಗಳ ನಂಬರು, ಕಲಂ, ಹಂತ ಎಲ್ಲ ಒಂದು ಫೈಲಿನಲ್ಲಿ ಇವತ್ತಿನಿಂದಲೇ ಬರೆದಿಡಿ. ಅಭ್ಯರ್ಥಿಯ ಅಫಿಡವಿಟ್ಟಿನಲ್ಲಿ ಒಂದು ಬಿಟ್ಟುಹೋದರೂ ಗೆದ್ದ ಮೇಲೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಮುಂದಿನ ಅಧಿವೇಶನ ಶುರುವಾದಾಗ ನಿಮ್ಮ ಶಾಸಕರ ಕಚೇರಿಯಿಂದ ಪಾಸು ತೆಗೆದುಕೊಂಡು ಪ್ರೇಕ್ಷಕರ ಗ್ಯಾಲರಿಯಲ್ಲಿ ಎರಡು ದಿನ ಕೂತು ಬನ್ನಿ. ಮೊದಲ ದಿನ ಪ್ರಶ್ನೋತ್ತರ ನೋಡಿ. ಎರಡನೇ ದಿನ ಊಟದ ನಂತರ, ಬೆಂಚುಗಳು ಖಾಲಿಯಾದ ಮೇಲೆ ವಿಧೇಯಕ ಬರುವಾಗ ಇರಿ.